ಕಮಳಾಬಾಯಿಯ ಅರವತ್ತನಾಲ್ಕು ಕ್ವಿಂಟಲ್ ಜೋಳ

ಕಮಳಾಬಾಯಿಗೆ ಹದಿನಾಲ್ಕು ದಿನದ ಕೂಲಿ ಇನ್ನೂ ಬರಬೇಕು. ದಿನಕ್ಕೆ ಅರವತ್ತರಂತೆ ಎಂಟುನೂರ ನಲವತ್ತು ರೂಪಾಯಿ. ನಾರಾಯಣಪುರದ ಆಚೆ ಹಳ್ಳಕ್ಕೆ ಒಡ್ಡು ಹಾಕಿದ ಕೆಲಸ, 2006ರ ಬೇಸಗೆ. ಗುತ್ತೇದಾರ ಸತ್ತು ಒಂಬತ್ತು ವರ್ಷ ಆಯಿತು. ಅವನ ಮಗನ ಹತ್ತಿರ ಈಗ ಎರಡು ಜೆಸಿಬಿ ಇವೆ. ಆ ರೊಕ್ಕ ಬರುವುದಿಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತು. ಆದರೂ ಆಕೆಯ ಹಳೆಯ ಲೆಕ್ಕದ ವಹಿಯ ಮೊದಲ ಪುಟದಲ್ಲಿ ಅದು ಹಾಗೇ ಇದೆ, ಹೊಡೆದು ಹಾಕಿಲ್ಲ.

ಆಗ ನಾವು ಬಸವಕಲ್ಯಾಣದಲ್ಲಿ ಕೂಲಿಕಾರರ ಸಂಘಟನೆ ನಡೆಸುತ್ತಿದ್ದೆವು. ಆ ಕೂಲಿಗಾಗಿ ಧರಣಿ ಕೂತೆವು, ವಿಚಾರಣೆ ಆಯಿತು. ಗುತ್ತೇದಾರ ಹಾಜರಿ ಪುಸ್ತಕ ತಂದು ಮೇಜಿನ ಮೇಲೆ ಹಾಕಿದ. ಅವನ ರೀತಿ ಹೀಗಿತ್ತು: ಕೂಲಿ ಕೊಟ್ಟ ದಿನ ಮಾತ್ರ ಹೆಸರು ಬರೆಯುವುದು. ಕೊಡದ ದಿನ ಅವನ ಪುಸ್ತಕದ ಪ್ರಕಾರ ಯಾರೂ ಮಣ್ಣು ಹೊತ್ತೇ ಇರಲಿಲ್ಲ. ಪುಸ್ತಕದಲ್ಲಿ ಬಾಕಿ ಇಲ್ಲ ಎಂದರು ಅಧಿಕಾರಿಗಳು, ಕಡತ ಮುಚ್ಚಿದರು. ಅಂದು ಮನೆಗೆ ಹೋಗುವ ದಾರಿಯಲ್ಲಿ ಕಮಳಾಬಾಯಿ ನಾಲ್ಕು ರೂಪಾಯಿಗೆ ಒಂದು ನೋಟುಬುಕ್ಕು ಕೊಂಡಳು. ಕೆಲಸ ಮಾಡಿದ ದಿನವೇ ಬರೆಯುವುದು, ಕೊಡಲಿ ಬಿಡಲಿ. ಅಂದಿನಿಂದ ಇಂದಿನವರೆಗೂ ಅದೇ ಚಟ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ವೈಜಿನಾಥ ಗೌಂಡಿ ಕೆಲಸದವನು, ಮಾತು ಕಡಿಮೆ. ಮೂವತ್ತೆಂಟನೆಯ ವಯಸ್ಸಿಗೆ ಈಕೆ ಹತ್ತನೆಯ ಪರೀಕ್ಷೆ ಕಟ್ಟಿದಳು. ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದಳು. ಬೀಜಗಣಿತ ಇವತ್ತಿಗೂ ಬರುವುದಿಲ್ಲ. ಕೂಡುವುದು ಕಳೆಯುವುದರಲ್ಲಿ ಮಾತ್ರ ಆಕೆಯ ತಪ್ಪು ಹಿಡಿದವರು ನನಗೆ ಸಿಕ್ಕಿಲ್ಲ. ಒಂದು ಕೆಟ್ಟ ಗುಣವೂ ಇದೆ, ಹೇಳಿಬಿಡುತ್ತೇನೆ: ಯಾರಿಗೂ ಪೆನ್ನು ಕೊಡುವುದಿಲ್ಲ. ಸಹಿ ಮಾಡಲು ಕೇಳಿದರೂ ಅನುಮಾನದಿಂದ ನೋಡುತ್ತಾಳೆ.

2022ರಲ್ಲಿ ಸಂಘಟನೆಯ ಇಪ್ಪತ್ತಾರು ಹೆಣ್ಣುಮಕ್ಕಳು ಸೇರಿ ದುಡಿಮೆ ಮಹಿಳಾ ರೊಟ್ಟಿ ಸಂಘ ಕಟ್ಟಿದರು. ಬಸವಕಲ್ಯಾಣದಲ್ಲಿ ಒಂದು ತಗಡಿನ ಶೆಡ್ಡು, ಹತ್ತು ಒಲೆ. ಕಡಕ್ ಜೋಳದ ರೊಟ್ಟಿ ತಟ್ಟಿ ಹೆದ್ದಾರಿಯ ಧಾಬಾಗಳಿಗೆ, ಹುಮನಾಬಾದಿನ ಅಂಗಡಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ರೊಟ್ಟಿ ಉದ್ರಿ ಇಲ್ಲ, ರೊಕ್ಕ ಕೈಗೆ ಬಂದರೇ ರೊಟ್ಟಿ, ಇದು ಮೊದಲ ದಿನದಿಂದ ಕಟ್ಟುನಿಟ್ಟು. ಅಧ್ಯಕ್ಷಿಣಿ ಸಖುಬಾಯಿ. ಮೂರು ಸಲ ಜೈಲು ನೋಡಿದವಳು, ಬಾಯಿ ದೊಡ್ಡದು, ಎದೆಯೂ ದೊಡ್ಡದು. ಲೆಕ್ಕ ಕಮಳಾಬಾಯಿಯದು. ನಾನು ಸಲಹೆಗಾರ, ಅಂದರೆ ಸಭೆಗೆ ಬಂದು ಚಹಾ ಕುಡಿದು ಹೋಗುವವನು.

ಮಳೆಗಾಲದಲ್ಲಿ ಜೋಳ ಅಡತಿ ಅಂಗಡಿಯಿಂದ ಬರುತ್ತದೆ, ರೊಕ್ಕ ಎಣಿಸಿದರೆ ಚೀಲ ಇಳಿಯುತ್ತದೆ. ದಸರೆಯಿಂದಾಚೆ ಮಂಠಾಳ ಎಂಬ ಊರಿನ ಒಂಬತ್ತು ಜನ ಹೆಣ್ಣುಮಕ್ಕಳು ಮನೆಯಲ್ಲಿ ಕೂಡಿಟ್ಟ ಜೋಳವನ್ನು ವಾರಕ್ಕಿಷ್ಟು ಚೀಲದಂತೆ ಕಳಿಸುತ್ತಾರೆ. ಅವರು ಕೈಯಲ್ಲಿ ರೊಕ್ಕ ಹಿಡಿಯುವುದಿಲ್ಲ. ಯುಗಾದಿಯ ಹೊತ್ತಿಗೆ ಬಂದು ಒಮ್ಮೆಲೆ ತೆಗೆದುಕೊಳ್ಳುತ್ತಾರೆ. ಅವರಲ್ಲಿ ಹಿರಿಯಳಾದ ಗಯಾಬಾಯಿ ಕಾರಣ ಹೇಳಿದ್ದಳು: “ವಾರಾ ವಾರಾ ರೊಕ್ಕ ಒಯ್ದರ ಬಾಗಲಾಗ ಗಂಡ ನಿಂತಿರ್ತಾನ, ಹಿಂದ ಮಗಾ ನಿಂತಿರ್ತಾನ. ನಮ್ಮ ರೊಕ್ಕ ನಿಮ್ಮಲ್ಲೇ ಕುಂದ್ರಲಿ. ಮದವಿ ಸೀಜನ್ನಿಗೆ ಒಮ್ಮೆ ಕೊಡ್ರಿ, ಲಗ್ನಕ್ಕರೆ ಆದೀತು, ಬಂಗಾರಕ್ಕರೆ ಆದೀತು.” ಚೀಲ ಇಳಿದ ದಿನವೇ ಕಮಳಾಬಾಯಿ ತೂಕ ಹಾಕಿ ಬಿಲ್ಲು ಬರೆದು, ಕಳಿಸಿದವಳ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳುತ್ತಿದ್ದಳು. ಒಂದು ಪ್ರತಿ ವಹಿಯಲ್ಲಿ, ಇನ್ನೊಂದು ಪ್ರತಿ ಹುಮನಾಬಾದಿಗೆ. ಅಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಫರ್ಹೀನ್ ಎಂಬ ಹುಡುಗಿ ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುತ್ತಾಳೆ.

ಮೊದಲ ವರ್ಷ ತಕರಾರು ಬರಲಿಲ್ಲ. 2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ವರ್ಷದ ಲೆಕ್ಕ ಮುಗಿಯುವ ಮೊದಲೇ ಮಂಠಾಳದವರು ಬಂದರು, ಚೆಕ್ಕು ಒಯ್ದರು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಹೋಯಿತು. ಲೆಕ್ಕದ ವರ್ಷ ಮಾರ್ಚ್ 31ಕ್ಕೇ ಮುಗಿಯುತ್ತದೆ. ನಡುವಿನ ಆ ಒಂಬತ್ತು ದಿನದಲ್ಲಿ ಸಂಘ ಒಡೆಯುವುದರಲ್ಲಿತ್ತು.

ಏಪ್ರಿಲ್ ಎರಡಕ್ಕೆ ಸಖುಬಾಯಿ ಹುಮನಾಬಾದಿಗೆ ಹೋಗಿ ವರ್ಷದ ವರದಿ ಛಾಪಿಸಿಕೊಂಡು ಬಂದಳು. ನಾಲ್ಕಕ್ಕೆ, ಗುರುವಾರ ಮಧ್ಯಾಹ್ನ ಒಲೆ ಆರಿದ ಮೇಲೆ ಸಭೆ. ಎಲ್ಲರೂ ಶೆಡ್ಡಿನ ನೆಲದ ಮೇಲೆ ಕೂತರು. ಸಖುಬಾಯಿ ನಿಂತುಕೊಂಡೇ ಓದಿದಳು. ವರ್ಷದ ಲಾಭ ಎರಡು ಲಕ್ಷ ಎಂಬತ್ತೊಂಬತ್ತು ಸಾವಿರ.

“ಯುಗಾದಿ ಮುಂದ ಅದ, ರಂಜಾನ್ ಮುಂದ ಅದ,” ಅಂದಳು. “ತಲಾ ಹನ್ನೊಂದು ಸಾವಿರ ಬೋನಸ್. ಶನಿವಾರ ಹಂಚತೀನಿ. ಯಾರರೆ ಬ್ಯಾಡ ಅನ್ನೋರು ಇದ್ದರ ಈಗೇ ಹೇಳ್ರಿ, ಅವರದು ನಾ ಇಟ್ಕೋತೀನಿ.”

ಎಲ್ಲರೂ ನಕ್ಕರು. ರೊಟ್ಟಿ ಪ್ಯಾಕು ಮಾಡುವ ಬೀಬಿಜಾನ ರಂಜಾನಿನ ಉಪವಾಸ, ರೋಜಾ ಹಿಡಿದಿದ್ದಳು, ಗಂಟಲು ಒಣಗಿತ್ತು, ಆದರೂ ಅವಳದೇ ನಗು ದೊಡ್ಡದು. ಆಗ ಕಮಳಾಬಾಯಿ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು.

“ಲಾಭ ನಲವತ್ತೊಂದು ಸಾವಿರ ಅದ.”

“ಏನಂದಿ?”

“ನಲವತ್ತೊಂದು. ಉಳದದ್ದು ನಮ್ಮದಲ್ಲ, ಮಂಠಾಳದವರದು.”

ಸಖುಬಾಯಿ ಕಾಗದ ಕೆಳಗಿಳಿಸಿದಳು. “ರೊಕ್ಕ ಬ್ಯಾಂಕಿನಾಗ ಅದನೋ ಇಲ್ಲೋ?”

“ಅದ.”

“ಯಾರ ಹೆಸರಿಲೆ ಅದ?”

“ಸಂಘದ ಹೆಸರಿಲೆ.”

“ಮತ್ತ ನಮ್ಮದಲ್ಲ ಅಂದ್ರ ಏನು? ಈ ಕಾಗದದಾಗ ನೋಡು. ಅಕ್ಟೋಬರ್‌ದಿಂದ ಮಾರ್ಚ್‌ತನಕ ಜೋಳದ ಖರ್ಚು ಎಂಟು ಸಾವಿರ. ನಿನ್ನ ವಹಿದಾಗ ಎಷ್ಟದ?”

“ಎರಡು ಲಕ್ಷ ಐವತ್ತಾರು ಸಾವಿರ.”

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಧನಶ್ರೀ ಎಂಬವಳು ಹಬ್ಬದ ಬಟ್ಟೆ ಆಗಲೇ ಅಂಗಡಿಯಲ್ಲಿ ಆರಿಸಿ ಇಟ್ಟು ಬಂದಿದ್ದಳು. ಅವಳಿಗೆ ತಡೆಯಲಾಗಲಿಲ್ಲ. “ಬಿಲ್ ಬರಿಯೋದು ಏನು ದೊಡ್ಡ ಮಾತ್ರಿ? ಬುಕ್ಕೂ ಆಕಿ ಕೈಯಾಗ ಅದ, ಪೆನ್ನಂತೂ ಯಾರಿಗೂ ಕೊಡಂಗಿಲ್ಲ.”

“ಕಂಪ್ಯೂಟರ್ ಕಾಗದ ಯಾಕ ಸುಳ್ಳು ಹೇಳತದ?” ಅಂದಳು ಸಖುಬಾಯಿ. ಇಷ್ಟಕ್ಕೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. “ಗಯಾಬಾಯಿ ಹೊಲದಾಗ ಹನ್ನೆರಡು ಸುಗ್ಗಿ ದುಡದಾಕಿ ನೀನು. ಈಗೂ ಆಕಿಗೇ ದುಡಿಯಾಕತ್ತೀದಿ ಕಾಣತದ. ಸುಳ್ಳು ಬಿಲ್ ಬರದು ಆಕಿ ಕೈಯಾಗ ಎಷ್ಟು ಹಾಕಾಕಿದ್ದಿ, ಆಕಿ ನಿನಗ ಎಷ್ಟು ಕೊಡಾಕಿದ್ದಳು?”

ಎರಡು ಲೆಕ್ಕ ಹೇಗೆ ಬಂದವು ಎಂದು ನನಗೂ ತಿಳಿಯಲಿಲ್ಲ, ತಿಳಿಯದಿದ್ದಾಗ ಬಾಯಿ ಮುಚ್ಚಿಕೊಂಡು ಕೂರುವುದು ಸುಲಭ. ಹದಿನೆಂಟು ವರ್ಷ ಜೊತೆಗೆ ರಸ್ತೆಯಲ್ಲಿ ಕೂತವಳನ್ನು ಕಣ್ಣೆದುರು ಕಳ್ಳಿ ಎಂದರು, ಸಲಹೆಗಾರ ಸಲಹೆ ಕೊಡಲಿಲ್ಲ.

ಕಮಳಾಬಾಯಿ ಅಳಲಿಲ್ಲ, ಕೂಗಾಡಲೂ ಇಲ್ಲ. ವಹಿ ಮುಚ್ಚಿದಳು. ಸೊಂಟದಿಂದ ಕಪಾಟಿನ ಕೀಲಿಕೈ ಬಿಚ್ಚಿ ಅದರ ಮೇಲಿಟ್ಟಳು.

“ಕೀಲಿ ಇಲ್ಲೇ ಅದ, ತಗೋರಿ. ನಾಳೆ ಹುಮನಾಬಾದಕ ಹೋಗೋಣು, ನೀನೂ ಬಾ. ನಂದು ಸುಳ್ಳಾದ್ರ ನನ್ನನ್ನ ಸಂಘದಿಂದ ತೆಗದು ಹಾಕ್ರಿ, ಹನ್ನೊಂದು ಸಾವಿರ ಹಂಚಕೋರಿ. ನಂದು ಖರೇ ಆದ್ರ ಮಂಠಾಳದವರ ಒಂದು ಪೈಸಾ ಮುಟ್ಟಬ್ಯಾಡ್ರಿ.”

ಮರುದಿನ ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಸಖುಬಾಯಿ ಮುಂದಿನ ಸೀಟು, ಕಮಳಾಬಾಯಿ ಹಿಂದಿನ ಸೀಟು. ನಡುವೆ ಬೀಬಿಜಾನ. ಸಾಕ್ಷಿಗೆ ಒಬ್ಬಳು ಇರಲಿ ಎಂದು ಸಭೆಯೇ ಅವಳನ್ನು ಕಳಿಸಿತ್ತು. ಕಂಡಕ್ಟರ್ ಮೂವರಿಗೂ ಪುಕ್ಕಟೆ ಟಿಕೇಟು ಹರಿದು ನನ್ನೆದುರು ಕೈ ಚಾಚಿದ.

“ನಮ್ಮ ಮೂರು ಮಂದೀದು ಶೂನ್ಯ ಅಣ್ಣಾ, ನಿಂದೊಬ್ಬಂದೇ ಖರ್ಚು,” ಅಂದಳು ಬೀಬಿಜಾನ. “ಕಮಳಕ್ಕಾ, ಬರ್ಕೋ. ಇಲ್ಲಂದ್ರ ಇದೂ ಯಾವ ಕಾಗದದಾಗ ಕಾಣತದೋ ಇಲ್ಲೋ.”

ಕಮಳಾಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಗಲಿಲ್ಲ. ಹುಮನಾಬಾದ್ ಬರುವ ತನಕ ಆಕೆಯ ಬಾಯಿಂದ ಬಂದದ್ದು ಒಂದೇ ಮಾತು, ಅದೂ ನನಗೆ. “ಅಣ್ಣಾ, ಕೆಲಸ ಹೋದ್ರ ಹೋಗಲಿ. ಅದೆಲ್ಲಾ ನಡೀತದ. ಮಂಠಾಳದಾಗ ಒಂಬತ್ತು ಮನಿಗೆ ಹೋಗಿ ನಿಮ್ಮ ಜೋಳದ ರೊಕ್ಕ ಹಬ್ಬಕ್ಕ ಹಂಚಕೊಂಡ್ವಿ ಅಂತ ನಾ ಹ್ಯಾಂಗ ಹೇಳಲಿ?”

ಫರ್ಹೀನಳ ಆಫೀಸು ರಸಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಮಾಲಕರು ಊರಲ್ಲಿರಲಿಲ್ಲ. ಅವಳೂ ರೋಜಾ ಹಿಡಿದಿದ್ದಳು. ಸಖುಬಾಯಿ ಕಾಗದ ಮುಂದಿಟ್ಟು ಕೇಳಿದಳು, “ಬೇಟಿ, ಇದು ನೀನೇ ಕೊಟ್ಟದ್ದು. ಜೋಳದ ಖರ್ಚು ಎಂಟು ಸಾವಿರ. ಹೌದಲ್ಲೋ?”

“ಹೌದ್ರಿ.”

“ಕಮಳಾ ಎರಡೂವರಿ ಲಕ್ಷ ಅಂತಾಳ.”

“ಅದೂ ಹೌದ್ರಿ.”

ಸಖುಬಾಯಿ ನನ್ನ ಮುಖ ನೋಡಿದಳು. ಫರ್ಹೀನ್ ಕುರ್ಚಿ ಎಳೆದುಕೊಟ್ಟಳು. “ಅಕ್ಕಾರ, ಅವತ್ತ ನೀವು ಬಂದಾಗ ಏನಂದ್ರಿ? ಎಷ್ಟು ಬಂತು ಎಷ್ಟು ಹೋಯ್ತು, ಅಷ್ಟೇ ಕೊಡು, ಬ್ಯಾರೆ ಪುರಾಣ ಬ್ಯಾಡ ಅಂದ್ರಿ. ನಾ ಅಷ್ಟೇ ಕೊಟ್ಟೆ. ಇದು ಕ್ಯಾಶ್ ವರದಿ. ಇದಕ್ಕ ಬಿಲ್ಲು ಕಾಣಂಗಿಲ್ರಿ, ಚೆಕ್ಕು ಕಾಣತದ. ನೀವು ಚೆಕ್ಕು ಕೊಟ್ಟ ದಿನ ಖರ್ಚು ಅಂತದ. ಕೊಡೋತನಕ ಸುಮ್ಮ ಇರತದ.”

ಎಷ್ಟು ಬಂತು, ಎಷ್ಟು ಹೋಯ್ತು. ಅದು ನಮ್ಮದೇ ಘೋಷಣೆ. ಯಾವ ಕಚೇರಿಯ ಮುಂದೆ ಹೋದರೂ ಅದನ್ನೇ ಕೂಗಿದ್ದೇವೆ, ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದಿದ್ದೇವೆ. ಅನುದಾನ ನುಂಗುವವರನ್ನು ಹಿಡಿಯಲು ಅದು ಸಾಕಿತ್ತು. ಸಖುಬಾಯಿ ಅದೇ ಬಾಯಿಪಾಠವನ್ನು ಕಂಪ್ಯೂಟರಿನ ಮುಂದೆ ಒಪ್ಪಿಸಿದ್ದಳು, ಅದು ಕೇಳಿದಷ್ಟಕ್ಕೆ ಉತ್ತರ ಕೊಟ್ಟಿತ್ತು. ಬೇರೆ ಯಾವ ಸಂಘದ ಅಧ್ಯಕ್ಷಿಣಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಕಲಿಸಿದವರು ನಾವು.

ಫರ್ಹೀನ್ ಇನ್ನೊಂದು ಕಾಗದ ತೆಗೆದಳು. “ಇದು ಅಕ್ರೂಯಲ್ ವರದಿ. ಇದು ಚೆಕ್ಕಿನ ದಾರಿ ಕಾಯಂಗಿಲ್ಲ. ಚೀಲ ಇಳದು ಬಿಲ್ಲಾದ ದಿನಾನೇ ಖರ್ಚು ಹಿಡಿತದ. ಲಾಭ ನೋಡ್ರಿ, ನಲವತ್ತೊಂದು ಸಾವಿರ. ಕಮಳಕ್ಕಂದೂ ಅಷ್ಟೇ.”

“ಮತ್ತ ಆ ಎಂಟು ಸಾವಿರ ಎಲ್ಲಿಂದ ಬಂತು?”

“ಗಯಾಬಾಯಿ ಅವರದು ಬಿಲ್ಲು ನಲವತ್ತೆಂಟು ಸಾವಿರ. ಜನವರಿದಾಗ ಕಣ್ಣಿನ ಆಪರೇಶನ್ ಅಂತ ಎಂಟು ಸಾವಿರ ಒಯ್ದಾರ. ಕ್ಯಾಶ್ ವರದಿ ಆ ಬಿಲ್ಲಿನಾಗ ಎಂಟೇ ಸಾವಿರ ನೋಡ್ಯದ, ಉಳದ ನಲವತ್ತಕ್ಕ ಕಣ್ಣು ಮುಚ್ಚಿಕೊಂಡದ. ಉಳದ ಎಂಟು ಮಂದೀದು ಒಂದು ರೂಪಾಯಿ ಕೊಟ್ಟಿಲ್ಲ, ಅದಕ್ಕ ಅವರ ಹೆಸರೇ ಇಲ್ಲ.” ಮೂರನೆಯ ಕಾಗದ ಬಂತು. ಕೊಡಬೇಕಾದವರ ಪಟ್ಟಿ. ಒಂಬತ್ತು ಹೆಸರು, ಕೆಳಗೆ ಮೊತ್ತ ಎರಡು ಲಕ್ಷ ನಲವತ್ತೆಂಟು ಸಾವಿರ. ಎರಡು ಲಕ್ಷ ಎಂಬತ್ತೊಂಬತ್ತು ಸಾವಿರದ ಲಾಭದಲ್ಲಿ ಅದನ್ನು ಕಳೆದರೆ ಉಳಿಯುವುದು ನಲವತ್ತೊಂದೇ ಸಾವಿರ. ನಾನೂ ಬೆರಳು ಮಡಚಿ ನೋಡಿದೆ.

ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಸಖುಬಾಯಿಯದು ಇಳಿಯಲಿಲ್ಲ. ಅವಳು ಕೆಟ್ಟವಳಲ್ಲ, ಹಠಮಾರಿ. ಜೈಲಿನಲ್ಲಿ ಆ ಹಠವೇ ನಮ್ಮನ್ನು ಕಾಪಾಡಿತ್ತು.

“ಕಂಪ್ಯೂಟರಿಗೆ ಬಿಲ್ಲು ತಿನ್ನಿಸಿದಾಕಿ ಕಮಳಾನೇ,” ಅಂದಳು. “ಇಕಿ ಏನು ತಿನ್ನಿಸಿದಳೋ ಅದನ್ನೇ ಅದು ಕಾರತದ. ಬಿಲ್ಲು ಖರೇ ಅಂತ ಯಾರು ಹೇಳಬೇಕು?”

ಫರ್ಹೀನ್ ಕಮಳಾಬಾಯಿಯ ಕಡೆ ನೋಡಿದಳು.

ಕಮಳಾಬಾಯಿ ಎದ್ದು ಬಂದು ಮೇಜಿನ ಮೇಲಿದ್ದ ಮೊದಲ ಕಾಗದ ಎತ್ತಿಕೊಂಡಳು, ಸಖುಬಾಯಿ ನಂಬಿದ ಕಾಗದವನ್ನೇ. ಸಾಲು ಸಾಲಾಗಿ ಬೆರಳು ಇಳಿಸಿದಳು. ಒಂದು ಕಡೆ ನಿಲ್ಲಿಸಿದಳು.

“ಇದು ಓದವ್ವಾ ಫರ್ಹೀನ್.”

“ಗಿರಣಿ ಬೀಸಿದ್ದು. ಅಕ್ಟೋಬರ್‌ದಿಂದ ಮಾರ್ಚ್ ತನಕ ಇಪ್ಪತ್ತೈದು ಸಾವಿರದ ಆರುನೂರು.”

“ಕಿಲೋಕ್ಕ ನಾಲ್ಕು ರೂಪಾಯಿ. ಎಷ್ಟು ಬೀಸಿದಂಗ ಆಯ್ತು?”

ಫರ್ಹೀನ್ ಕ್ಯಾಲ್ಕುಲೇಟರ್ ಒತ್ತಿದಳು. “ಅರವತ್ತನಾಲ್ಕು ಕ್ವಿಂಟಲ್.”

“ಕ್ವಿಂಟಲಿಗೆ ನಾಲ್ಕು ಸಾವಿರದಂಗ ಎಂಟು ಸಾವಿರಕ್ಕ ಎಷ್ಟು ಜೋಳ ಬರತದ ಸಖೂ?”

ಬೀಬಿಜಾನ ಹೇಳಿದಳು, “ಎರಡು.”

“ನಿನ್ನ ಕಾಗದ ಖರೇ ಅಂತ ಹಿಡಿಯೋಣು. ಎರಡು ಕ್ವಿಂಟಲ್ ಜೋಳದಾಗ ಅರವತ್ತನಾಲ್ಕು ಕ್ವಿಂಟಲ್ ಹಿಟ್ಟು ಹ್ಯಾಂಗ ಬಂತು? ಉಳದ ಅರವತ್ತೆರಡು ಕ್ವಿಂಟಲ್ ಏನು ಬೀಸಿದೆವು, ಗಾಳಿ ಬೀಸಿದೆವೇನು?”

ಬೀಬಿಜಾನ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅದೂ ಸಾಲದೆ ಗೋಡೆಗೆ ಒರಗಿ ನಕ್ಕಳು. “ಅರೇ ಸಖೂ ಆಪಾ, ಆ ಗಾಳಿ ಚೀಲ ಹೊತ್ತು ಹೊತ್ತು ನನ್ನ ಬೆನ್ನು ಹೋಗ್ಯದ. ರೋಜಾ ಹಿಡದು ಹೇಳಾಕತ್ತೀನಿ, ಒಂದೊಂದು ಚೀಲ ಐವತ್ತು ಕಿಲೋ ಇತ್ತು. ಗಿರಣಿಗೆ ಇಳಿಸಿದಾಕಿ ನಾನು, ತಂದಾಕಿ ನಾನು.”

ಸಖುಬಾಯಿ ಆ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಓದು ಅವಳಿಗೆ ನಿಧಾನ. ಕೊನೆಗೆ, “ಗಿರಣಿಯವನ ಚೆಕ್ಕಿಗೆ ತಿಂಗಳಾ ತಿಂಗಳಾ ಸಹಿ ಹಾಕಿದಾಕಿ ನಾನೇ,” ಅಂದಳು. “ಅದೇ ಕಾಗದದಾಗ ಇತ್ತು. ಲಾಭದ ಸಾಲೊಂದೇ ನೋಡಿದೆ, ಮ್ಯಾಲಿಂದು ನೋಡಲೇ ಇಲ್ಲ.”

ಕೆಳಗೆ ಅಂಗಡಿಯವನು ಗೊಬ್ಬರದ ಚೀಲ ಎಳೆಯುವ ಸದ್ದು ಬರುತ್ತಿತ್ತು. ಕಮಳಾಬಾಯಿ ಕುರ್ಚಿಯ ಮೇಲೆ ಕೂತಳು, ಆ ಕೋಣೆಗೆ ಬಂದ ಮೇಲೆ ಮೊದಲ ಸಲ. ಕಾಲು ನೀಡಿ, ಚಪ್ಪಲಿ ಬಿಟ್ಟು, ಫರ್ಹೀನಳನ್ನು ಕೇಳಿ ಒಂದು ತಂಬಿಗೆ ನೀರು ಕುಡಿದಳು. ಹಿಂದಿನ ದಿನದಿಂದ ಆಕೆ ನೆಟ್ಟಗೆ ಉಸಿರಾಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಬಸ್‌ಸ್ಟ್ಯಾಂಡಿನ ಎದುರು ಸಖುಬಾಯಿ ಭಜಿ ಕೊಡಿಸಿದಳು. ರೊಕ್ಕ ಅವಳೇ ಕೊಟ್ಟಳು, ಕ್ಷಮಿಸು ಗಿಮಿಸು ಎನ್ನಲಿಲ್ಲ. ಆ ಮಾತು ಅವಳ ಬಾಯಲ್ಲಿ ನಾನು ಕೇಳಿಲ್ಲ. ಬೀಬಿಜಾನ ದೂರ ಬೆಂಚಿನ ಮೇಲೆ ಕೂತು, “ತಿನ್ರಿ ತಿನ್ರಿ, ವಾಸನಿ ನನಗ ಸಾಕು,” ಅನ್ನುತ್ತಿದ್ದಳು. ಕಮಳಾಬಾಯಿ ಎರಡು ಭಜಿ ತಿಂದು ಕೈ ಒರೆಸಿಕೊಂಡಳು.

“ಸುಳ್ಳು ಬಿಲ್ಲು ಅಂತ ಮಂದಿ ಮುಂದ ಅಂದಿ ಸಖೂ. ಭಜಿ ಇಲ್ಲಿ ತಿನಿಸಿದ್ರ ಆಗಂಗಿಲ್ಲ. ಮಂದಿ ಮುಂದೇ ವಾಪಸ್ ತಗೋಬೇಕು.”

“ತಗೋತೀನಿ, ಬಿಡು.”

“ನಾಳೆನೇ.”

“ನಾಳೆನೇ ಅಂದ್ನಲ್ಲ. ಇನ್ನೆರಡು ಭಜಿ ತಿನ್ನು, ಮೋರೆ ನೋಡು ಹ್ಯಾಂಗ ಆಗ್ಯದ.”

ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ರಸ್ತೆಯುದ್ದಕ್ಕೂ ಜಗಳವಾಡುತ್ತಲೇ ಬಂದರು, ಒಲೆಗೆ ಕಟ್ಟಿಗೆ ಯಾರ ಹತ್ತಿರ ಕೊಳ್ಳಬೇಕು ಎಂದು. ಅದನ್ನು ಕೇಳುತ್ತಾ ನಾನು ನಿದ್ದೆ ಹೋದೆ.

ಶನಿವಾರದ ಸಭೆ ಹತ್ತು ನಿಮಿಷ. ಸಖುಬಾಯಿ ಎರಡೂ ಕಾಗದ ಎರಡು ಕೈಯಲ್ಲಿ ಹಿಡಿದು ನಿಂತಳು. “ಈ ಕೈಯಾಗಿಂದು ಪೆಟ್ಟಿಗ್ಯಾಗ ಎಷ್ಟದ ಅಂತ ಹೇಳತದ. ಈ ಕೈಯಾಗಿಂದು ಅದರಾಗ ನಮ್ಮದೆಷ್ಟು ಅಂತ ಹೇಳತದ. ನಾ ಒಂದೇ ನೋಡಿ ಬಾಯಿ ಬಿಟ್ಟೆ. ಕಮಳಾನ ಬಿಲ್ಲು ಖರೇ ಅವ, ನನ್ನ ಮಾತು ಸುಳ್ಳು. ಕೀಲಿ ತಗೋ.” ಕಮಳಾಬಾಯಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೋನಸ್ ತಲಾ ಒಂದೂವರೆ ಸಾವಿರ ಎಂದು ತೀರ್ಮಾನ ಆಯಿತು. ಧನಶ್ರೀ ಮೋರೆ ಗಂಟಿಕ್ಕಿಕೊಂಡು ಹೋಗಿ ಆರಿಸಿಟ್ಟ ಬಟ್ಟೆಯಲ್ಲಿ ಅರ್ಧ ವಾಪಸು ಕೊಟ್ಟು ಬಂದಳು. ಇನ್ನೂ ನಾಲ್ಕು ಜನ ಗೊಣಗಿದರು. ಗೊಣಗಲಿ, ಒಂಬತ್ತು ಮನೆಯ ಜೋಳದ ರೊಕ್ಕ ಉಳಿಯಿತು.

ಯುಗಾದಿ ಆಗಿ ಮೂರು ದಿನಕ್ಕೆ ಮಂಠಾಳದ ಒಂಬತ್ತೂ ಜನ ಒಂದು ಟಂಟಂ ಗಾಡಿ ಮಾಡಿಕೊಂಡು ಬಂದರು. ಗಯಾಬಾಯಿ ಆಪರೇಶನ್ನಾದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ರಾಣಿಯಂತೆ ಇಳಿದಳು. ಅವರಿಗೆ ನಡೆದದ್ದರ ಸುಳಿವೂ ಇರಲಿಲ್ಲ, ಕಮಳಾಬಾಯಿ ಹೇಳಲೂ ಇಲ್ಲ. ಒಬ್ಬೊಬ್ಬರಿಗೂ ವಹಿ ತೋರಿಸಿ, ಓದಿ ಹೇಳಿ, ಚೆಕ್ಕು ಕೊಟ್ಟಳು. ಗಯಾಬಾಯಿ ನಲವತ್ತು ಸಾವಿರದ ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ ಕುಪ್ಪಸದಲ್ಲಿ ಇಟ್ಟುಕೊಂಡು, “ಮಜ್ಜಿಗಿ ಅದನೇನ ಕಮಳಾ, ಬಿಸಿಲು ಭಾಳ ಅದ,” ಅಂದಳು. ಅಷ್ಟೇ. ಎರಡೂವರೆ ಲಕ್ಷ ಕೈ ಬಿಟ್ಟು ಹೋದ ಆ ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರ ಮೋರೆಯೂ ಹಗುರಾಗಿತ್ತು. ರೊಕ್ಕ ಹೋಗುವುದನ್ನು ನೋಡಿ ಸಮಾಧಾನ ಪಟ್ಟ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುವರ್ಷ ಇದೇ ಆಟ ಉಲ್ಟಾ ಆಯಿತು. 2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ತಿಂಗಳು ಮುಗಿಯುವುದರೊಳಗೆ ಮಂಠಾಳದ ಚೆಕ್ಕುಗಳೆಲ್ಲ ಹೋಗಿದ್ದವು. ಹಾಗಾಗಿ ಕಳೆದ ಏಪ್ರಿಲ್‌ನಲ್ಲಿ ಕೊಟ್ಟ ಹಿಂದಿನ ಸಾಲಿನ ಜೋಳದ ರೊಕ್ಕವೂ ಈ ಸಾಲಿನದೂ ಒಂದೇ ವರ್ಷದ ಕ್ಯಾಶ್ ವರದಿಗೆ ಬಿದ್ದವು. ಅದು ಒಂದು ಲಕ್ಷ ತೊಂಬತ್ತು ಸಾವಿರ ನಷ್ಟ ತೋರಿಸಿತು. ಧನಶ್ರೀ ಕಾಗದ ನೋಡಿ ಬೆವರಿದಳು. “ಕಮಳಕ್ಕಾ, ಸಂಘ ಮುಳುಗಿತೇನ?”

“ಮುಳುಗಿಲ್ಲ ಹುಚ್ಚಿ. ಎರಡು ವರ್ಷದ್ದು ಒಂದೇ ವರ್ಷ ಕೊಟ್ಟೇವಿ. ಇನ್ನೊಂದು ಕಾಗದ ನೋಡು, ಐವತ್ತೆಂಟು ಸಾವಿರ ಲಾಭ ಅದ.” ಆಮೇಲೆ ಸಖುಬಾಯಿಯ ಕಡೆಗೆ ತಿರುಗಿ, “ಅಧ್ಯಕ್ಷರ, ಈ ಸಲ ಯಾರರೆ ಕಳ್ಳರು ಇದ್ದಾರೇನು?” ಅಂತ ಕೇಳಿದಳು. ಸಖುಬಾಯಿ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಎತ್ತಿ ಅವಳ ಕಡೆ ಎಸೆದಳು.

ಈಗ ಕಮಳಾಬಾಯಿಗೆ ಐವತ್ತರ ಹತ್ತಿರ. ಆಕೆಯ ಮೇಲೆ ಯಾರೂ ಬರೆಯುವುದಿಲ್ಲ, ಸನ್ಮಾನಕ್ಕೆ ಕರೆಯುವುದಿಲ್ಲ, ಕರೆದರೂ ರೊಟ್ಟಿಯ ಆರ್ಡರ್ ಇದೆ ಎಂದು ಹೋಗುವವಳಲ್ಲ. ನಾನು ಬರೆದದ್ದು ಆಕೆಯನ್ನು ಹೊಗಳಲಿಕ್ಕಲ್ಲ. ಮೂವತ್ತು ವರ್ಷ ನಾವು ಎರಡು ಪ್ರಶ್ನೆ ಹಿಡಿದು ಹೋರಾಡಿದೆವು, ಎಷ್ಟು ಬಂತು, ಎಷ್ಟು ಹೋಯ್ತು. ಯಾರಿಗೆ ಇನ್ನೂ ಕೊಡಬೇಕು ಎಂಬುದನ್ನು ಕೇಳಲೇ ಇಲ್ಲ. ಪೆಟ್ಟಿಗೆಯ ಲೆಕ್ಕ, ಅಂದರೆ ಕ್ಯಾಶ್ ವರದಿ ಬೇಡ ಎನ್ನುತ್ತಿಲ್ಲ, ನಾಳೆ ಬರೆಯುವ ಚೆಕ್ಕು ವಾಪಸು ಬರಬಾರದು ಎಂದರೆ ಅದು ಬೇಕೇ ಬೇಕು. ಆದರೆ ಉದ್ರಿ ಕೊಟ್ಟು ನಂಬಿ ಕೂತವರು ಆ ಕಾಗದದಲ್ಲಿ ಇರುವುದಿಲ್ಲ.

ಓದುತ್ತಿರುವ ನೀವು ಯಾವುದೋ ಸಂಘದ ಸದಸ್ಯರು. ಹಾಲಿನ ಸಂಘವೋ, ಸ್ವಸಹಾಯ ಗುಂಪೋ, ನೌಕರರ ಸೊಸೈಟಿಯೋ. ವರ್ಷಕ್ಕೊಮ್ಮೆ ಸಭೆಗೆ ಹೋಗುತ್ತೀರಿ, ಲಾಭ ಎಷ್ಟು ಎಂದು ಕೇಳಿ ಚಪ್ಪಾಳೆ ತಟ್ಟುತ್ತೀರಿ, ಬೋನಸ್ಸಿಗೆ ಕೈ ಎತ್ತುತ್ತೀರಿ. ಬರುವ ಸಭೆಯಲ್ಲಿ ಕೈ ಎತ್ತುವ ಮೊದಲು ಎದ್ದು ನಿಲ್ಲಿ. ಕ್ಯಾಶ್, ಅಕ್ರೂಯಲ್, ಎರಡೂ ವರದಿ ಮೇಜಿನ ಮೇಲಿಡಿ ಎನ್ನಿ. ಕೊಡದೆ ಉಳಿದ ಬಿಲ್ಲುಗಳನ್ನು ಹೆಸರು ಸಮೇತ ಗಟ್ಟಿಯಾಗಿ ಓದಿಸಿ. ಓದಿ ಮುಗಿಯುವ ತನಕ ಕೂರಬೇಡಿ.